ರುಚಿ ನೋಡದ ಎಡೆ

ಮೀನಿಗೆ ಉಪ್ಪಿನಕಾಯಿ ಖಾರ ಕಲಸುವುದನ್ನು ಹೇಳಿಕೊಟ್ಟವಳು ನಾನು, ಈಶ್ವರನ ಗುಡಿ ಪೂಜೆಯ ಮನೆಯ ಜಗದಾಂಬ, ಎಂದರೆ ನಮ್ಮ ನೆಂಟರು ಈಗಲೂ ಮೂಗು ಮುರಿಯುತ್ತಾರೆ. ಮುರಿಯಲಿ. ಅವರು ಹಾಕಿದ ಮಾವಿನಕಾಯಿ ಮಳೆಗಾಲ ಕಳೆಯುವುದರೊಳಗೆ ಬೂಷ್ಟು ಹಿಡಿಯುತ್ತದೆ. ನನ್ನ ಜಾಡಿಯದು ಮೂರು ವರ್ಷವಾದರೂ ಮೊನ್ನೆ ಹಾಕಿದ ಹಾಗೆ ಇರುತ್ತದೆ. ಬಲ್ಲವರು ಹೇಳಿಕೊಡದೆ ಇನ್ಯಾರು ಹೇಳಿಕೊಡಬೇಕು?

ಮಧುಗಿರಿ ಕಡೆಯ ಪುರವರದಿಂದ ಇನ್ನೂ ಒಳಕ್ಕೆ ಹೋದರೆ ನಮ್ಮೂರು. ಊರ ಮುಂದಿನ ಕೆರೆ ನಾನು ಸೊಸೆಯಾಗಿ ಬಂದಾಗಿನಿಂದ ತುಂಬಿದ್ದಕ್ಕಿಂತ ಒಣಗಿದ್ದೇ ಹೆಚ್ಚು. ಕೆರೆಯಂಗಳದ ತುಂಬ ಮುಳ್ಳಿನ ಬಳ್ಳಾರಿ ಜಾಲಿ ಬೆಳೆದಿತ್ತು. ಇಟ್ಟಿಗೆ ಗೂಡಿನವರು ಜೆಸಿಬಿ ತಂದು ತೂಬಿನ ಹತ್ತಿರ ಮಣ್ಣು ತೋಡಿ, ಗುಂಡಿಯನ್ನು ಹಾಗೇ ಬಿಟ್ಟು ಹೋಗಿದ್ದರು. ಆಮೇಲೆ ಒಂದು ವರ್ಷ ಮಳೆ ಹಟ ಹಿಡಿದು ಸುರಿದು ಕೋಡಿ ಬಿತ್ತು. ಜಾಲಿಯೂ ಗುಂಡಿಯೂ ನೀರಿನ ಕೆಳಗೆ ಹೋದವು. ಊರೆಲ್ಲ ಬಾಗಿನ ಬಿಡುವ ಸಂಭ್ರಮದಲ್ಲಿತ್ತು, ಕೆಳಗೆ ಏನಿದೆ ಎಂದು ಯಾರೂ ಯೋಚಿಸಲಿಲ್ಲ.

ನಮ್ಮ ಬೀದಿಯ ಕೊನೇ ಮನೆಯ ಓಬಳಮ್ಮ ತನ್ನ ಮಹಿಳಾ ಸಂಘದ ಹೆಸರಿನಲ್ಲಿ ಕೆರೆಯನ್ನು ಗುತ್ತಿಗೆ ಹಿಡಿದಳು. ಕಾಟ್ಲಾ, ರೋಹು ಮರಿ ತಂದು ಬಿಟ್ಟರು. ಮೀನು ಚೆನ್ನಾಗಿಯೇ ಬೆಳೆಯಿತು. ಆದರೆ ಹಿಡಿದ ಮೀನು ಮಧ್ಯಾಹ್ನದೊಳಗೆ ಮಾರದಿದ್ದರೆ ನಾರುತ್ತದೆ, ಅದು ವ್ಯಾಪಾರಿಗೂ ಗೊತ್ತು. ಏರಿಯ ಮೇಲೆ ಬೈಕು ನಿಲ್ಲಿಸಿ ಸುಮ್ಮನೆ ಬೀಡಿ ಸೇದುತ್ತ ಕೂರುವನು. ಬಿಸಿಲು ಏರಿದಷ್ಟೂ ಬೆಲೆ ಇಳಿಯುವುದು. ವರ್ಷವಿಡೀ ಬೆವರು ಸುರಿಸಿದವರು ಇವರು, ಲಾಭ ಹೊಡೆದವನು ಅವನು.

ಆಗ ತುಮಕೂರಿನಿಂದ ಒಬ್ಬ ಮೇಡಮ್ಮು ಬಂದು ಮೀನಿನಿಂದ ಉಪ್ಪಿನಕಾಯಿ, ಚಕ್ಕುಲಿ, ಚಟ್ನಿಪುಡಿ ಮಾಡುವುದನ್ನು ಕಲಿಸಿದರು. ಮೀನಿನ ಚಕ್ಕುಲಿ ಎಂದು ಕೇಳಿ ನಾನು ಎರಡು ದಿನ ನಕ್ಕಿದ್ದೇನೆ. ಅವರು ಹೇಳಿದ ಉಪ್ಪಿನಕಾಯಿಗೆ ವಿನೆಗರ್ ಹಾಕಬೇಕಿತ್ತು. ನಮ್ಮ ಸೀಮೆಯ ನಾಲಗೆಗೆ ಅದು ಆಸ್ಪತ್ರೆಯ ವಾಸನೆ, ಒಂದು ಬಾಟಲಿಯೂ ಹೋಗಲಿಲ್ಲ. ಒಂದು ದಿನ ಓಬಳಮ್ಮ ನಮ್ಮ ಜಗಲಿಗೆ ಬಂದು ಕೂತಳು.

"ಜಗದಾಂಬಕ್ಕ, ನಿಮ್ ಖಾರ ಒಂದ್ ಹೇಳ್ಕೊಟ್ಬುಡಿ."

"ಮೀನಿಗೇನೇ?"

"ಮಾವಿನ್ಕಾಯ್ಗೆ ಆಗಿದ್ದು ಮೀನಿಗ್ಯಾಕ್ ಆಗಕಿಲ್ಲ? ಅದೂ ಒಂದ್ ಕಾಯಿ ಅಂದ್ಕಳಿ. ನೀರಾಗ್ ಬುಟ್ಟಿದ್ದು, ಅಷ್ಟೇಯ."

ನಮ್ಮ ಯಜಮಾನರು ಚಂದ್ರಶೇಖರಯ್ಯನವರು ಒಳಗಿನಿಂದ ಕೆಮ್ಮಿದರು. ಅವರು ಕೆಮ್ಮಿದರೆ ಬೇಡ ಎಂದು ಅರ್ಥ. ಮದುವೆಯಾದ ಹೊಸತರಲ್ಲಿ ನನಗೆ ಆ ಕೆಮ್ಮು ಕೇಳಿಸುತ್ತಿತ್ತು, ಈಗ ಕೇಳಿಸುವುದಿಲ್ಲ.

ಹೀಗೆ ಒಪ್ಪಂದವಾಯಿತು. ಸಾಸಿವೆ, ಮೆಂತ್ಯ, ಮೆಣಸಿನಕಾಯಿ, ಇಂಗು ಹುರಿದು ಕುಟ್ಟುವುದು ನಮ್ಮ ಮನೆಯಲ್ಲಿ. ಮೀನು ಕರಿದು ಅದಕ್ಕೆ ಖಾರ, ಹುಣಸೆ ರಸ, ಉಪ್ಪು ಹಾಕುವುದು ಊರಾಚೆ ಅವರ ಶೆಡ್ಡಿನಲ್ಲಿ. ನಾನು ಶೆಡ್ಡಿನ ಹೊಸಲಿನ ಆಚೆ ನಿಂತು, ಮೂಗಿಗೆ ಸೆರಗು ಹಿಡಿದು, ನಡುನಡುವೆ ಸೆರಗು ತೆಗೆದು ವಾಸನೆ ನೋಡಿ, ಸಾಸಿವೆ ಸೀದಿದೆ, ಎಣ್ಣೆ ಕಾದಿಲ್ಲ ಎಂದು ಕೂಗುವುದು. ಉಪ್ಪು ಹುಳಿ ಮಾತ್ರ ನಾಲಗೆಯೇ ಹೇಳಬೇಕಲ್ಲ, ಆ ನಾಲಗೆ ಓಬಳಮ್ಮನದು. ಸೌಟಿನ ತುದಿಯಿಂದ ಅಂಗೈಗೆ ಒಂದು ತುಣುಕು ಹಾಕಿಕೊಂಡು ಬಾಯಿಗಿಟ್ಟು, ಕಣ್ಣು ಮುಚ್ಚಿ, ಲೊಚ್ ಎಂದು ಸದ್ದು ಮಾಡಿ "ಹದ ಬಂತು, ಮುಚ್ರಿ" ಎನ್ನುವಳು. ಅವಳು ಹಾಗೆನ್ನದೆ ಒಂದು ಮುಚ್ಚಳವೂ ಬೀಳುವಂತಿರಲಿಲ್ಲ. "ನನ್ ಬಾಯ್ಗೆ ಇಡದ್ನ ಇನ್ನೊಬ್ರ ಬಾಯ್ಗೆ ಕೊಡಾಕಿಲ್ಲ" ಎಂಬುದು ಅವಳ ಮಾತು.

ಉಪ್ಪಿನಕಾಯಿ ಹೋಯಿತು, ಚೆನ್ನಾಗಿಯೇ ಹೋಯಿತು. ಪಾವಗಡದ ಕಡೆಯ, ಅರ್ಧ ತೆಲುಗಿನಲ್ಲೇ ಮಾತಾಡುವ ನರಸಿಂಹರಾಜು ತನ್ನ ವ್ಯಾನಿನಲ್ಲಿ ಬಂದು ಬಾಟಲಿಗಳನ್ನು ತುಂಬಿಕೊಂಡು ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡದ ಅಂಗಡಿ ಡಾಬಾಗಳಿಗೂ ಬೆಂಗಳೂರಿಗೂ ಹಾಕಿ ಬರುತ್ತಿದ್ದ. ಬೈಕಿನ ವ್ಯಾಪಾರಿ ಏರಿಯ ಮೇಲೆ ಬೀಡಿ ಸೇದಿ ಸೇದಿ ವಾಪಸು ಹೋದ ದಿನ ಓಬಳಮ್ಮ ನಮ್ಮ ಮನೆಗೆ ಬಾಳೆಹಣ್ಣು ತಂದುಕೊಟ್ಟಳು.

ಕೆರೆಯ ಕೆಲಸವೆಲ್ಲ ಅವಳ ಮಗ ಪ್ರಸನ್ನ ಕುಮಾರನದು. ಊರವರ ಬಾಯಲ್ಲಿ ಪಸನ್ನ. ಗಂಡ ತೀರಿಕೊಂಡ ಮೇಲೆ ಅವಳಿಗಿದ್ದವನು ಅವನೊಬ್ಬನೇ. ಬೆಳಗಾದರೆ ಥರ್ಮಾಕೋಲಿನ ತೆಪ್ಪದ ಮೇಲೆ ಕೂತು ಮೀನಿಗೆ ತೌಡು, ಕಡಲೆಕಾಯಿ ಹಿಂಡಿ ಎರಚಿ ಬರುತ್ತಿದ್ದ. ಉಪ್ಪಿನಕಾಯಿ ಕಲಸುವ ದಿನ ಮನೆಯಿಂದ ತಟ್ಟೆ ತುಂಬ ಬಿಸಿ ಅನ್ನ ತಂದು ಶೆಡ್ಡಿನ ಮುಂದೆ ಹಾಜರು. ಮೊದಲ ಸೌಟು ಅವನ ಅನ್ನಕ್ಕೇ ಬೀಳಬೇಕು. ಅನ್ನ ಕೆಂಪಗಾಗುವ ತನಕ ಕಲಸಿ, ತುತ್ತು ಎತ್ತಿ ನನ್ನ ಕಡೆ ಚಾಚುವನು.

"ದೊಡ್ಡವ್ವ, ಒಂದ್ ತುತ್ತು ತಿಂದ್ಬುಡಿ. ಶಿವ ಆ ಕಡೀಕ್ ತಿರೀಕಂಡವ್ನೆ."

"ನಿನ್ನ ನಾಲಗೆ ಸೀಳ" ಎಂದು ನಾನು ಬೈಯುವುದು, ಅವನು ನಗುವುದು. ಪ್ರತಿ ಸಲವೂ ಇದೇ. ಒಂದು ಸಲ ಅವನು ಕರೆಯದಿದ್ದರೆ ನನಗೇ ಏನೋ ಕಳೆದಂತಾಗುತ್ತಿತ್ತು.

ಕಳೆದ ಶಿವರಾತ್ರಿಯ ಮಾರನೆಯ ವಾರ ಮೀನುಗಾರಿಕೆ ಇಲಾಖೆಯಿಂದ ಹೊಸ ನೀಲಿ ಬಲೆ ಬಂದಿತ್ತು. ಮೊದಲ ದಿನವೇ ಅದು ತೂಬಿನ ಹತ್ತಿರ ನೀರೊಳಗಿನ ಜಾಲಿಗೆ ಸಿಕ್ಕಿಕೊಂಡಿತು. ಪ್ರಸನ್ನ ಎಳೆದು ನೋಡಿ, ಬರಲಿಲ್ಲವೆಂದು ಬಿಟ್ಟು ಬಂದ. ಮಾರನೆಯ ಬೆಳಗ್ಗೆ ಓಬಳಮ್ಮ ಒಲೆಯ ಮುಂದಿನಿಂದಲೇ ಬೈದಳು.

"ಒಸಾ ಬಲೆ ಕಣ್ಲಾ ಅದು. ಬಲೆ ಇಲ್ದೆ ಮನೆಗ್ ಬರ್ಬ್ಯಾಡ."

ಯಾವ ತಾಯಿ ಇಂಥ ಮಾತು ಆಡಿಲ್ಲ? ನಾನು ನನ್ನ ಮಗನಿಗೆ ಈ ಹೊಸಲು ತುಳಿಯಬೇಡ ಎಂದು ಎಷ್ಟು ಸಲ ಹೇಳಿದ್ದೇನೋ. ಅವನು ತುಳಿದುಕೊಂಡೇ ಇದ್ದಾನೆ, ಹಬ್ಬಕ್ಕೆ ಬಂದು ಒಬ್ಬಟ್ಟು ತಿಂದು ಹೋಗುತ್ತಾನೆ. ಪ್ರಸನ್ನ ಮಾತ್ರ ಹೋದವನು ಬರಲಿಲ್ಲ. ಬಲೆ ಬಿಡಿಸಲು ಮುಳುಗಿದ್ದಾನೆ. ಜಾಲಿಯಲ್ಲಿ ಬಲೆಯೂ, ಬಲೆಯಲ್ಲಿ ಅವನ ಕಾಲೂ ಸಿಕ್ಕಿಕೊಂಡಿವೆ. ಮಧುಗಿರಿಯಿಂದ ಬಂದ ಮುಳುಗುಗಾರರು ಮಾರನೆಯ ದಿನ ಬಲೆ ಕತ್ತರಿಸಿ ಅವನನ್ನು ಮೇಲಕ್ಕೆ ತಂದರು. ಉಳಿದ ಬಲೆ ನೀರಿನಲ್ಲೇ ಉಳಿಯಿತು.

ಓಬಳಮ್ಮ ಅಳಲಿಲ್ಲ. ಅವರ ಹೊಲದ ಬದುವಿನಲ್ಲಿ ಮಣ್ಣು ಮಾಡುವಾಗಲೂ ಕಣ್ಣು ಒದ್ದೆಯಾಗಲಿಲ್ಲ. ಊರ ಹೆಂಗಸರು ಎದೆ ಬಡಿದುಕೊಂಡು ಅತ್ತರು, ನಾನೂ ಅತ್ತೆ. ಮೂರನೆಯ ದಿನ ಹಾಲುತುಪ್ಪ ಬಿಟ್ಟು ಬಂದ ಮೇಲೆ ಅವಳು ನನ್ನೊಬ್ಬಳಿಗೆ ಹೇಳಿದಳು.

"ಬಲೆ ಇಲ್ದೆ ಬರ್ಬ್ಯಾಡ ಅಂದಿದ್ದೆ ಕಣಕ್ಕ. ಅದ್ಕೇ ಬರ್ನಿಲ್ಲ."

ಹೆಣ ಬಿದ್ದ ಕೆರೆಯ ಮೀನನ್ನು ನಮ್ಮ ಸೀಮೆಯಲ್ಲಿ ಯಾರೂ ತಿನ್ನುವುದಿಲ್ಲ. ಹೊಸ ನೀರು ಬಂದು ಹಳೆಯದೆಲ್ಲ ಕೊಚ್ಚಿಹೋಗುವ ತನಕ ಆ ಕೆರೆಗೆ ಬಲೆ ಬೀಳುವಂತಿಲ್ಲ. ಸುದ್ದಿ ನರಸಿಂಹರಾಜುವಿನ ವ್ಯಾನಿಗಿಂತ ಮೊದಲೇ ನಾಲ್ಕೂ ತಾಲ್ಲೂಕು ತಿರುಗಿತ್ತು. ಮಧುಗಿರಿ ಸಂತೆಯಲ್ಲಿ ನಮ್ಮೂರ ಹೆಸರು ಕೇಳಿ ಹೆಂಗಸರು ಎತ್ತಿಕೊಂಡ ಮೀನನ್ನು ಕೆಳಗಿಟ್ಟು ಹೋದರಂತೆ. ಇತ್ತ ತೋಟದವರು ಕೆರೆಗೆ ಮೋಟರಿಟ್ಟು ನೀರು ಎಳೆಯುತ್ತಿದ್ದರು. ಬಿಸಿಲು ತನ್ನ ಪಾಲು ಎಳೆಯುತ್ತಿತ್ತು. ಬೆಳಗಿನ ಹೊತ್ತು ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಹಾಗೇ ಬಿಟ್ಟರೆ ಎಲ್ಲ ಸತ್ತು, ಸಂಘವೂ ಅದರ ಜೊತೆಗೇ ಸಾಯುತ್ತಿತ್ತು.

ಇಪ್ಪತ್ತು ದಿನ ಕಳೆದ ಮೇಲೆ ಶೆಡ್ಡಿನಲ್ಲಿ ಎಲ್ಲರೂ ಸೇರಿದರು. ಓಬಳಮ್ಮನೂ ಬಂದು ಗೋಡೆಗೊರಗಿ ಕೂತಳು. ನರಸಿಂಹರಾಜು ಟವೆಲು ಕೈಯಲ್ಲಿ ಹಿಡಿದು ನಿಧಾನಕ್ಕೆ ಹೇಳಿದ.

"ತಪ್ಪು ತಿಳ್ಕೋಬೇಡ್ರಮ್ಮಾ. ಉಪ್ಪಿನಕಾಯಿ ಹಾಕಿ ಕೊಡ್ರಿ, ಈ ಕಡೆ ಮಾರಲ್ಲ, ಎಲ್ಲಾ ಬೆಂಗಳೂರಿಗೇ ಹಾಕ್ತೀನಿ. ಯಾವ ಕೆರೆ ಮೀನು ಅಂತ ಅಲ್ಲಿ ಎವರಿಕಿ ತೆಲುಸು, ಯಾರಿಗ್ಗೊತ್ತು?"

ಬೆಂಗಳೂರಿನವರು ಏನೇನು ತಿನ್ನುತ್ತಿದ್ದಾರೆ ಎಂದು ಅವರಿಗೆ ಗೊತ್ತಿದ್ದರೆ ತಾನೆ ಎಂದು ನನ್ನ ಬಾಯಿಗೆ ಬಂದಿತ್ತು. ನುಂಗಿಕೊಂಡೆ. ಎಲ್ಲರೂ ಓಬಳಮ್ಮನ ಮುಖ ನೋಡುತ್ತಿದ್ದರು. ಅವಳು ಬೇಡ ಎಂದರೆ ಅಲ್ಲಿಗೆ ಮುಗಿಯಿತು.

"ಮೀನ್ ಇಡೀರಿ" ಎಂದಳು. "ಅವ್ನೇ ತೌಡು ಆಕಿ ಸಾಕಿದ್ ಮೀನು. ಅವು ಸತ್ತು ನಾತ ಒಡುದ್ರೆ ಓಗೋರೆಲ್ಲ ಅವ್ನ್ ಎಸ್ರೇಳಿ ಮೂಗ್ ಮುಚ್ಕಂತಾರೆ. ನಂಗದು ಬ್ಯಾಡ."

ಬೇರೆ ಊರಿನವರನ್ನು ಕರೆಸಿ ಮೀನು ಹಿಡಿಸಿದರು. ಎರಡು ದಿನ ಕೊಯ್ದು, ತೊಳೆದು, ಕರಿದದ್ದಾಯಿತು. ನಾನು ಎಂದಿನಂತೆ ಖಾರ ಕುಟ್ಟಿ ಕಳಿಸಿ ಹೊಸಲಿನಾಚೆ ನಿಂತೆ. ಒಳಗೆ ಮಾತಿಲ್ಲ, ನಗೆಯಿಲ್ಲ. ಒಬ್ಬರನ್ನೊಬ್ಬರು ಏನೂ ಕೇಳದೆ ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿದ್ದರು. ದೊಡ್ಡ ಪಾತ್ರೆಯಲ್ಲಿ ಎಲ್ಲ ಕಲಸಿ ಆದ ಮೇಲೆ ಸಂಘದ ಚಿಕ್ಕಹನುಮಕ್ಕ ಅಭ್ಯಾಸಬಲದಿಂದ ಸೌಟನ್ನು ಓಬಳಮ್ಮನ ಮುಂದೆ ಹಿಡಿದಳು. ಹಿಡಿದ ಮೇಲೆ ಅವಳಿಗೆ ತಿಳಿಯಿತು.

ಓಬಳಮ್ಮ ಸೌಟನ್ನೇ ನೋಡುತ್ತ ಕೂತಳು. ಚಿಕ್ಕಹನುಮಕ್ಕ ಪಕ್ಕದವಳ ಕಡೆ ನೋಡಿದಳು, ಪಕ್ಕದವಳು ನೆಲ ನೋಡಿದಳು. ಆ ಕೆರೆಯ ಮೀನನ್ನು ನಾಲಗೆಗೆ ಸೋಕಿಸಲು ಅಲ್ಲಿ ಯಾರಿಗೂ ಆಗುತ್ತಿರಲಿಲ್ಲ.

"ಇಲ್ಲಿ ಕೊಡಿ, ನಾನೇ ನೋಡ್ತೀನಿ" ಎಂದುಬಿಟ್ಟೆ. ಶಿವನಾಣೆ, ಆ ಗಳಿಗೆಯಲ್ಲಿ ಕೊಟ್ಟಿದ್ದರೆ ತಿಂದುಬಿಡುತ್ತಿದ್ದೆ.

"ನಿಮ್ಗೇನ್ ತಿಳೀತದೆ, ಬುಡಿ ಅಕ್ಕ" ಎಂದಳು ಓಬಳಮ್ಮ. ಆಮೇಲೆ ಎದ್ದು, ತೊಳೆದಿಟ್ಟ ಬಾಟಲಿಯೊಂದನ್ನು ತಂದು ತಾನೇ ತುಂಬಿದಳು. "ನಾಳಿದ್ದು ತಿಂಗ್ಳು ತುಂಬ್ತದೆ. ಇದು ಅವ್ನ್ ಎಡೆಗೆ. ಎಡೆಗ್ ಮಾಡಿದ್ನ ಯಾರಾರ ರುಚಿ ನೋಡ್ತಾರ? ಮುಚ್ರಿ."

ನಿಜ. ದೇವರಿಗೇ ಆಗಲಿ ಸತ್ತವರಿಗೇ ಆಗಲಿ, ಇಡುವ ಮೊದಲು ರುಚಿ ನೋಡಿದರೆ ಅದು ಎಂಜಲು. ಒಂದೊಂದಾಗಿ ಮುಚ್ಚಳಗಳು ಬಿದ್ದವು. ನಾನು ಸೆರಗು ತೆಗೆದು ವಾಸನೆ ನೋಡಿದೆ. ಸಾಸಿವೆ, ಇಂಗು, ಮೆಂತ್ಯ ಎಲ್ಲ ಸರಿಯಾಗಿಯೇ ಇತ್ತು.

ತಿಂಗಳು ತುಂಬಿದ ದಿನ ಹೊಲಕ್ಕೆ ನಾನೂ ಹೋದೆ. ನಮ್ಮಲ್ಲಿ ಸತ್ತವರು ಶಿವನನ್ನು ಸೇರಿದರೆಂದು ಕೈಮುಗಿದುಬಿಡುತ್ತೇವೆ, ಕಾಗೆಗೆ ಕೆಲಸವಿಲ್ಲ. ಅವರಲ್ಲಿ ಹಾಗಲ್ಲ. ಕಾಗೆ ಬಂದು ಎಡೆ ತಿಂದರೆ ಹೋದವನ ಮನಸ್ಸು ತಣ್ಣಗಿದೆ ಎಂದು ಅರ್ಥ. ಓಬಳಮ್ಮ ಬಾಳೆಲೆಯ ಮೇಲೆ ಬಿಸಿ ಅನ್ನ ಹಾಕಿ, ಬಾಟಲಿ ತೆಗೆದು, ಅನ್ನ ಕೆಂಪಗಾಗುವ ತನಕ ಕಲಸಿದಳು. ಮಗ ಹೇಗೆ ಕಲಸುತ್ತಿದ್ದನೋ ಹಾಗೆಯೇ. ಸಮಾಧಿಯ ತಲೆಯ ಕಡೆ ಇಟ್ಟು ಎಲ್ಲರೂ ದೂರ ಸರಿದು ನಿಂತರು.

ಕಾಗೆ ಬಂತು. ಎಲೆಯ ಸುತ್ತ ಕುಪ್ಪಳಿಸಿ, ಒಂದು ಸಲ ಕುಕ್ಕಿತು. ತಲೆ ಕೊಡವಿತು. ಕಲ್ಲಿಗೆ ಕೊಕ್ಕನ್ನು ಆ ಕಡೆ ಈ ಕಡೆ ಉಜ್ಜಿ, ಹಾರಿ ಹೋಗಿ ಹೊಂಗೆಮರದ ಮೇಲೆ ಕೂತಿತು. ಎಷ್ಟು ಕರೆದರೂ ಮತ್ತೆ ಇಳಿಯಲಿಲ್ಲ. ಬೇರೆ ಕಾಗೆಯೂ ಬರಲಿಲ್ಲ. ಬಿಸಿಲಿಗೆ ಅನ್ನ ಒಣಗಿತು.

"ಮನ್ಸಾಗೆ ಏನೋ ಇಟ್ಕಂಡವ್ನೆ ಮಗ" ಎಂದು ಚಿಕ್ಕಹನುಮಕ್ಕ ಮೆಲ್ಲಗೆ ಹೇಳಿದಳು. ಅವಳಿಗೆ ಏನು ಗೊತ್ತು, ಪಾಪ. ಓಬಳಮ್ಮ ನನ್ನ ಕಡೆ ಒಂದು ಸಲ ನೋಡಿದಳು. ಆ ನೋಟ ನನಗೆ ಇವತ್ತಿಗೂ ಮರೆತಿಲ್ಲ.

ಅಂದಿನಿಂದ ಅವಳು ಒಲೆ ಹಚ್ಚಲಿಲ್ಲ. ನಾದಿನಿ ದಾಸಮ್ಮ ತಂದುಕೊಟ್ಟರೆ ಎರಡು ತುತ್ತು ತಿನ್ನುವಳು. ಹೊಲಕ್ಕೆ ಹೋಗಳು, ಕೆರೆಯ ಕಡೆ ಮುಖವನ್ನೇ ಮಾಡಳು. ನಾನು ಹೋಗಿ ಬೈದೆ, ಬುದ್ಧಿ ಹೇಳಿದೆ, ಕಾಗೆಗೆ ಹೊಟ್ಟೆ ತುಂಬಿದ್ದಿರಬಹುದು ಎಂದೆ.

"ಕುಕ್ಕಿ ಬುಟ್ಟೋಯ್ತಲ್ಲಕ್ಕ. ಒಟ್ಟೆ ತುಂಬಿದ್ರೆ ಬತ್ತಿರ್ನಿಲ್ಲ. ನನ್ ಕೈ ಅನ್ನ ಅವ್ನಿಗೆ ಬ್ಯಾಡಾಗೈತೆ. ಇನ್ ಯಾರ್ಗ್ ಬೇಯುಸ್ಲಿ?"

ದಾಸಮ್ಮ ತಂದಿಟ್ಟ ತಟ್ಟೆಯನ್ನು ಅವಳ ಮುಂದಕ್ಕೆ ತಳ್ಳಿದೆ. ಎದ್ದು ಬಂದೆ.

ಯುಗಾದಿ ಕಳೆದು ತಿಂಗಳ ಮೇಲಾಯಿತು, ಬಿಸಿಲು ಬಲಿಯಿತು. ಒಂದು ದಿನ ಮಧ್ಯಾಹ್ನ ನರಸಿಂಹರಾಜುವಿನ ವ್ಯಾನು ಶೆಡ್ಡಿನ ಮುಂದೆ ನಿಂತು ಒಂದೇ ಸಮ ಹಾರನ್ ಹೊಡೆಯಿತು. ಶೆಡ್ಡಿನ ಬೀಗದ ಕೈ ಇದ್ದದ್ದು ಓಬಳಮ್ಮನ ಹತ್ತಿರ. ಅವಳು ಬರುವಾಗ ನಾನೂ ಜೊತೆಗೆ ಬಂದೆ. ವ್ಯಾನಿನ ತುಂಬ ನಮ್ಮವೇ ಬಾಟಲಿಗಳು. ಕೊಟ್ಟು ಕಳಿಸಿದ್ದ ಡಬ್ಬಗಳು ಹಾಗೇ ವಾಪಸು ಬಂದಿದ್ದವು. ಬೀಗ ತೆಗೆದದ್ದೇ ನರಸಿಂಹರಾಜು ಸಿಟ್ಟಿನಲ್ಲಿ ಅವನ್ನು ಶೆಡ್ಡಿನೊಳಗೆ ಇಳಿಸಿದ, ನಾನು ಹೊಸಲಿನ ಆಚೆಯೇ ನಿಂತೆ.

"ಉಪ್ಪಮ್ಮಾ, ಉಪ್ಪು! ಬಾಯಿಗೆ ಇಡೋಕೆ ಆಗಲ್ಲ ಅಂತ ಬೆಂಗಳೂರಿನವ್ರು ಮುಖಕ್ಕೇ ಎಸೆದ್ರು. ಯಾರಮ್ಮಾ ರುಚಿ ನೋಡಿದ್ದು ಇದನ್ನ?"

ಹಾರನ್ ಕೇಳಿ ಸಂಘದ ಹೆಂಗಸರೂ ಬಂದಿದ್ದರು. ಚಿಕ್ಕಹನುಮಕ್ಕ ತೊದಲಿದಳು. "ಉಪ್ಪು ನಾನ್ ಆಕಿದ್ದೆ ಕಣವ್ವ. ನೀ ಆ ದುಃಖದಾಗೆ ಎಲ್ಲಿ ಆಕಿರ್ತೀಯ ಅಂತ..."

"ನಾನೂ ಆಕಿದ್ದೆ" ಎಂದಳು ಓಬಳಮ್ಮ.

ಉಪ್ಪಿಗೆ ವಾಸನೆ ಇಲ್ಲ. ನನ್ನ ಮೂಗಿನ ಜಂಬವೆಲ್ಲ ಅಲ್ಲಿಗೆ ಮುಗಿಯಿತು. ಓಬಳಮ್ಮ ಡಬ್ಬದಿಂದ ಒಂದು ಬಾಟಲಿ ಎತ್ತಿಕೊಂಡು ಮುಚ್ಚಳ ತಿರುಗಿಸಿದಳು. ಬೆರಳು ಅದ್ದಿ ಅಂಗೈಗೆ ಒಂದು ತುಣುಕು ಹಾಕಿಕೊಂಡಳು. ಬೇಡ ಎನ್ನಲು ನಾನು ಕೈ ಎತ್ತುವುದರೊಳಗೆ ಬಾಯಿಗಿಟ್ಟುಕೊಂಡಿದ್ದಳು. ಮುಖ ಹಿಂಡಿತು. ಉಗುಳಲಿಲ್ಲ, ಅಗಿದು ನುಂಗಿದಳು. ಬಾಟಲಿ ಹಿಡಿದೇ ನನ್ನ ಕಡೆ ತಿರುಗಿದಳು.

"ಅಕ್ಕ" ಎಂದಳು. "ಸಿಟ್ಟಲ್ಲ ಕಣಕ್ಕ. ಉಪ್ಪು."

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅಷ್ಟರಲ್ಲಿ ಅವಳು ಹೊಸಲಿಗೆ ಬಂದು ನನ್ನ ರಟ್ಟೆ ಹಿಡಿದುಕೊಂಡಿದ್ದಳು.

"ಕಾಗೆ ಬಂದಿತ್ತಲ್ಲಕ್ಕ. ತಿನ್ನಾಕೇ ಬಂದಿತ್ತು. ಬಾಯ್ಗೆ ಇಡಕ್ಕಾಗ್ದಂಗೆ ಮಾಡಿಕ್ಕಿದ್ದೆ ನಾನು. ಅಂತಾ ಉಪ್ಪ್ನ ಅನ್ನಕ್ ಕಲ್ಸಿ ಇಟ್ನಲ್ಲಕ್ಕ ನನ್ ಮಗಂಗೆ. ಅಸ್ಕಂಡ್ ಬಂದೋನು ಎಂಗೆ ಓದ್ನೋ."

ಅಲ್ಲೇ ಡಬ್ಬಗಳ ನಡುವೆ ಕುಸಿದು ಕೂತು ಅತ್ತಳು. ಮಗ ಸತ್ತ ಮೇಲೆ ಅದೇ ಮೊದಲ ಸಲ. ಕೆರೆಯ ಏರಿಯಲ್ಲಿ ಬಾರದ ಅಳು, ಮಣ್ಣು ಹಾಕುವಾಗ ಬಾರದ ಅಳು ಈಗ ಬಂತು. ನಾನು ಹೊಸಲು ದಾಟಿ ಒಳಗೆ ಹೋಗಿ ಅವಳ ತಲೆ ಹಿಡಿದುಕೊಂಡೆ. ಆ ಶೆಡ್ಡಿನೊಳಗೆ ನಾನು ಕಾಲಿಟ್ಟದ್ದೂ ಅದೇ ಮೊದಲು. ನರಸಿಂಹರಾಜು ತಲೆಯ ಟವೆಲು ತೆಗೆದು ವ್ಯಾನಿನ ಆಚೆಗೆ ಹೋಗಿ ನಿಂತ.

ಅತ್ತು ಮುಗಿದ ಮೇಲೆ ಓಬಳಮ್ಮ ಮೂಗು ಒರೆಸಿಕೊಂಡು ಎದ್ದಳು.

"ಅಕ್ಕ, ವಸಿ ಖಾರ ಕುಟ್ಕೊಡಿ. ಒಂದೇ ಒಂದ್ ಬಾಟ್ಲಿ ಸರ್ಯಾಗ್ ಮಾಡ್ಬೇಕು ಅವ್ನಿಗೆ."

"ಖಾರ ಕುಟ್ಟುತೀನಿ ಕಣೇ. ಆ ಕೆರೆ ಮೀನು ಎಲ್ಲಿಂದ ತರ್ತೀಯ?"

ಅವಳು ಏರಿಯ ಕಡೆ ನಡೆದಳು. ಅಷ್ಟು ದಿನ ಆ ದಿಕ್ಕಿಗೆ ತಿರುಗದವಳು. ನಾನೂ ಹಿಂದೆಯೇ ಹತ್ತಿದೆ. ಕೆರೆಯಲ್ಲಿ ನೀರಿರಲಿಲ್ಲ. ಅಂಗಳವೆಲ್ಲ ಬಿರುಕು ಬಿಟ್ಟಿತ್ತು. ತೂಬಿನ ಹತ್ತಿರದ ಗುಂಡಿಯಲ್ಲೂ ಬರೀ ಕೆಸರು. ಗುಂಡಿಯ ಅಂಚಿನಲ್ಲಿ ನೀರಿಗೆ ಕೊಳೆತು ಕಪ್ಪಾದ ಜಾಲಿ ನಿಂತಿತ್ತು, ಅದರ ಮೇಲೆ ನೀಲಿ ಬಲೆ ನೇತಾಡುತ್ತಿತ್ತು.

ಓಬಳಮ್ಮ ಸೀರೆ ಎತ್ತಿ ಕಟ್ಟಿ ಇಳಿದಳು. ಬಲೆಯನ್ನು ಎಳೆಯಲಿಲ್ಲ. ಒಂದೊಂದೇ ಮುಳ್ಳಿನಿಂದ, ತಲೆಗೂದಲ ಸಿಕ್ಕು ಬಿಡಿಸುವ ಹಾಗೆ, ಬಿಡಿಸತೊಡಗಿದಳು. ಬೆರಳಿಗೆ ಚುಚ್ಚಿ ರಕ್ತ ಬಂದರೆ ಸೆರಗಿಗೆ ಒರೆಸಿಕೊಂಡು ಮತ್ತೆ ಬಿಡಿಸುವಳು. ನಾನು ಕೆಸರಿಗಿಳಿದು ಇನ್ನೊಂದು ತುದಿ ಹಿಡಿದುಕೊಂಡೆ. ಮನೆಗೆ ಹೋದ ಮೇಲೆ ನಮ್ಮ ಯಜಮಾನರು ಎಷ್ಟಾದರೂ ಕೆಮ್ಮಲಿ. ಹೊತ್ತು ಇಳಿಯುವ ವೇಳೆಗೆ ಬಲೆ ಕೈಗೆ ಬಂತು. ನಡುವೆ ಕತ್ತರಿಸಿದ ದೊಡ್ಡ ತೂತು ಹಾಗೇ ಇತ್ತು. ಅದನ್ನು ಅವಳು ಮುಟ್ಟಿ ನೋಡಿದಳು. ಮಡಚಿ ಹೆಗಲಿಗೆ ಹಾಕಿಕೊಂಡಳು.

ಅಲ್ಲಿಂದ ನೇರ ಹೊಲಕ್ಕೆ ಹೋದೆವು. ಸಮಾಧಿಯ ಮಣ್ಣು ಬಿಸಿಲಿಗೆ ಗಟ್ಟಿಯಾಗಿತ್ತು. ಅವಳು ತಲೆಯ ಕಡೆ ಕೂತು, ಬಲೆಯನ್ನು ಮಡಿಲಲ್ಲಿ ಇಟ್ಟುಕೊಂಡು, ಬೆಳಗ್ಗೆ ಬೈದು ಸಂಜೆ ಊಟಕ್ಕೆ ಕರೆಯುವ ತಾಯಿಯ ದನಿಯಲ್ಲೇ ಕರೆದಳು.

"ಪಸನ್ನ, ಬಲೆ ನಾನೇ ತಂದಿವ್ನಿ ಕಣ್ಲಾ. ಮನೆಗ್ ಬಾ."